ಹೆಪ್ಪಿನೆಣ್ಣೆ

ಪಂಪುಗಳಿಗೆ ಉಣಿಸುವುದು ಅನಸೂಯಾಳ ದಿನದ ಮೊದಲ ಕೆಲಸವಾಗಿತ್ತು.

ಕೃಷ್ಣೆಯ ದಂಡೆಯ ಮೇಲಿದ್ದ ಕರಿಹೊಳೆ ಪಂಪ್‌ಹೌಸಿಗೆ ಬಂದವಳೇ ಓಢಣಿ ಬಿಚ್ಚಿ ಗೂಟಕ್ಕೆ ಹಾಕಿ, ನೀಲಿ ಅಂಗಿ ತೊಟ್ಟು, ಬೆಲ್ಲದ ನೀರಿನ ಕ್ಯಾನು ಎತ್ತಿಕೊಂಡು ಮೂರೂ ಪಂಪುಗಳ ಸುತ್ತ ಒಂದು ಸುತ್ತು ಹಾಕುತ್ತಿದ್ದಳು. ಪ್ರತಿ ಬೇರಿಂಗಿನ ಮಗ್ಗುಲಲ್ಲಿ ಅಂಗೈಯಗಲದ ಗಾಜಿನ ಕಿಂಡಿ ಇತ್ತು. ಅದರೊಳಗೆ ಎಣ್ಣೆ ಜೇನಿನ ಬಣ್ಣದಲ್ಲಿ ಹೊಳೆಯುತ್ತಿದ್ದರೆ ಎಲ್ಲ ಸರಿಯಾಗಿದೆ ಎಂದರ್ಥ. ಮಬ್ಬಾಗಿದ್ದರೆ ಹಸಿದಿದೆ. ನೊರೆ ಕಟ್ಟಿದ್ದರೆ ನಿನ್ನೆ ಉಣಿಸಿದ್ದು ಹೆಚ್ಚಾಗಿದೆ. ನೋಡಿದ ಮೇಲೆ ಕಬ್ಬಿಣದ ಕವಚದ ಮೇಲೆ ಅಂಗೈಯಿಟ್ಟು ಬಿಸಿ ನೋಡುವುದು, ಉಕ್ಕಿನ ಸರಳಿನ ಒಂದು ತುದಿ ಬೇರಿಂಗಿಗೂ ಇನ್ನೊಂದು ತುದಿ ಕಿವಿಗೂ ಹಚ್ಚಿ ಒಳಗಿನ ಸದ್ದು ಕೇಳುವುದು, ಸೋರಿದ್ದನ್ನು ಹತ್ತಿಯ ಚಿಂದಿಯಿಂದ ಒರೆಸುವುದು, ತಳದಲ್ಲಿ ಕೂತ ಗಸಿ ತೆಗೆದು ಮೇಲಿನದನ್ನು ಸೋಸಿ ಮತ್ತೆ ಹೊಯ್ಯುವುದು. ಬಿಸಿಯನ್ನೂ ನಡುಕವನ್ನೂ ಕಂಟ್ರೋಲ್ ರೂಮಿನ ಕಂಪ್ಯೂಟರೇ ಅಳೆಯುತ್ತಿತ್ತು. ಉಣಿಸಲು, ಒರೆಸಲು ಮಾತ್ರ ಮನುಷ್ಯರ ಕೈ ಬೇಕಿತ್ತು. ಆ ಹುದ್ದೆಯ ಹೆಸರು ಕಾಗದದಲ್ಲಿ ಇನ್ನೂ ‘ಆಯಿಲ್‌ಮನ್’ ಎಂದೇ ಇತ್ತು. ಪಂಪ್‌ಹೌಸಿನವರು ಅವಳನ್ನು ಎಣ್ಣಿ ಅನಸಕ್ಕ ಎನ್ನುತ್ತಿದ್ದರು.

ನೆಲದೊಳಗಿನ ಎಣ್ಣೆ ಮುಗಿದು ಒಂದು ತಲೆಮಾರು ಕಳೆದಿತ್ತು. ಬಸ್ಸು, ಲಾರಿ, ಟ್ರ್ಯಾಕ್ಟರುಗಳೆಲ್ಲ ಕರೆಂಟಿನ ಮೇಲೆ ಓಡುವುದನ್ನು ಕಲಿತಿದ್ದವು. ಆದರೆ ತಿರುಗುವ ಗಾಲಿ ಕರೆಂಟಿನಿಂದ ತಿರುಗಿದರೂ ಕೈಯಿಂದ ತಿರುಗಿದರೂ ಅದಕ್ಕೆ ಜಾರಿಕೆ ಬೇಕೇ ಬೇಕು. ಆಗ ಬಂದದ್ದು ಜೈವಿಕ ಕೀಲೆಣ್ಣೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಬೆಲ್ಲ ತಿಂದು ತಮ್ಮ ಸುತ್ತ ನುಣುಪಾದ, ಜಾರುವ ರಸವೊಂದನ್ನು ಬಿಡುತ್ತಿದ್ದವು. ಬೇರಿಂಗಿನ ಒಳಮೈಗೆ ಅಂಟಿಕೊಂಡು, ಉಕ್ಕು ಎಲ್ಲಿ ಹೆಚ್ಚು ಸವೆಯುತ್ತದೋ ಅಲ್ಲಿ ಹೆಚ್ಚು ದಪ್ಪವಾಗಿ ಬೆಳೆಯುತ್ತಿದ್ದವು. ಬದುಕಿರುವ ತನಕ ಆ ಎಣ್ಣೆ ತೀರುತ್ತಿರಲಿಲ್ಲ. ಒಂದು ಬಟ್ಟಲಷ್ಟನ್ನು ಬರಿದಾದ ಯಂತ್ರಕ್ಕೆ ಹಾಕಿ ಬೆಲ್ಲದ ನೀರು ಕೊಟ್ಟರೆ ಕೆಲವೇ ದಿನಗಳಲ್ಲಿ ತುಂಬಿಕೊಳ್ಳುತ್ತಿತ್ತು. ಅದಕ್ಕೇ ಜನ ಅದನ್ನು ಹೆಪ್ಪಿನೆಣ್ಣೆ ಎಂದು ಕರೆದರು. ಒಂದು ಪಂಪ್‌ಹೌಸಿನ ಎಣ್ಣೆ ಕೆಟ್ಟರೆ ಪಕ್ಕದ ಪಂಪ್‌ಹೌಸಿನವರು ಬಟ್ಟಲು ಕೊಡುತ್ತಿದ್ದರು. ಮೊಸರಿನ ಹೆಪ್ಪಿಗೆ ಹೇಗೋ ಹಾಗೆ, ಎಣ್ಣೆಯ ಹೆಪ್ಪಿಗೂ ಇಲ್ಲ ಅನ್ನಬಾರದು ಎಂಬ ಮಾತು ನದಿಯುದ್ದಕ್ಕೂ ಇತ್ತು.

ಅನಸೂಯಾಳ ಪಂಪು ಎತ್ತಿದ ನೀರು ಗುಡ್ಡ ಹತ್ತಿ ಕಲ್ಲಾಪುರ ಪಟ್ಟಣದ ದೊಡ್ಡ ಟ್ಯಾಂಕಿಗೆ ಬೀಳುತ್ತಿತ್ತು. ಆ ಟ್ಯಾಂಕಿನ ವಾಲ್ವ್ ತಿರುಗಿಸಿ ಓಣಿ ಓಣಿಗೆ ನೀರು ಬಿಡುವವನು ಅವಳ ಗಂಡ ರಾಚಪ್ಪ. ಗುಡ್ಡದ ಅರ್ಧದಲ್ಲಿದ್ದ ಕ್ವಾರ್ಟರ್ಸಿನಿಂದ ಬೆಳಿಗ್ಗೆ ಅವಳು ಇಳಿದು ಹೋದರೆ ಅವನು ಹತ್ತಿ ಹೋಗುತ್ತಿದ್ದ. “ನೀ ಕಳಸಿದ್ದನ್ನ ನಾ ಹಂಚತೀನಿ, ಅಷ್ಟ ನನ್ನ ಕೆಲಸ” ಎಂದು ಅವನು ನಗುತ್ತಿದ್ದ.

ಬೇಸಿಗೆ ಶುರುವಾಗುವ ಹೊತ್ತಿಗೆ ಸುದ್ದಿ ಬಂತು. ನದಿಯ ಮೇಲ್ದಂಡೆಯ ಬೂದಿಗಟ್ಟಿ ಪಂಪ್‌ಹೌಸಿನಲ್ಲಿ ಬೆಳಿಗ್ಗೆ ಜೇನಿನಂತಿದ್ದ ಎಣ್ಣೆ ಸಂಜೆಗೆ ನೀರಾಗಿ ಹೋಗಿತ್ತು. ಬೇರಿಂಗು ಹೊಗೆಯಾಡಿ, ಕಿರುಚಿ, ಕಚ್ಚಿಕೊಂಡು ನಿಂತಿತ್ತು. ಮರುದಿನ ಅದರ ಪಕ್ಕದ ಹೊಸಪೇಟ್ಯಾಳ ಪಂಪ್‌ಹೌಸು. ಆಮೇಲೆ ಒಂದರ ಹಿಂದೊಂದು. ಸೂಕ್ಷ್ಮಜೀವಿಗಳನ್ನು ಕೊಲ್ಲುವ ವೈರಸ್ಸೊಂದು ಎಣ್ಣೆಗೆ ಬಿದ್ದಿದೆ ಎಂದು ಧಾರವಾಡದ ಎಣ್ಣೆ ಪ್ರಯೋಗಾಲಯದವರು ಹೇಳಿದರು. ಅಲ್ಲಿನ ಮೂಲ ಎಣ್ಣೆಗೂ ಅದು ತಗುಲಿತ್ತು.

ಜನಕ್ಕೆ ವೈರಸ್ಸಿಗಿಂತ ಮೊದಲು ಒಂದು ಹೆಸರು ಸಿಕ್ಕಿತು. ಬೂದಿಗಟ್ಟಿಯ ಆಯಿಲ್‌ಮನ್ ಸಿದ್ರಾಮಪ್ಪ ಅಂಬಿಗೇರ. ಅವನೇ ರೋಗ ಬಿದ್ದ ಎಣ್ಣೆಯನ್ನು ಹೊಸಪೇಟ್ಯಾಳಕ್ಕೆ ಬಟ್ಟಲಲ್ಲಿ ಕೊಟ್ಟವನು, ಅಲ್ಲಿಂದ ಅದು ನದಿಯುದ್ದಕ್ಕೂ ಹಬ್ಬಿತು ಎಂದು ಎಲ್ಲರೂ ಮಾತಾಡಿಕೊಂಡರು.

“ಗೊತ್ತಿದ್ದೂ ಕೊಟ್ಟಾನ ಮುದುಕ,” ಎಂದಳು ಅನಸೂಯಾ, ಊಟಕ್ಕೆ ಕೂತಾಗ. “ಅವನ ಕೈಗೆ ಹುಳಾ ಬೀಳ್ಲಿ.”

ರಾಚಪ್ಪ ರೊಟ್ಟಿ ಮುರಿದು ಅರ್ಧ ಅವಳ ತಟ್ಟೆಗೆ ಹಾಕಿದ.

ಆ ವಾರವೇ ಪ್ರಯೋಗಾಲಯದಿಂದ ಡಾ. ಇಂದುಮತಿ ಪುರಾಣಿಕ ಎಂಬ ಸೂಕ್ಷ್ಮಜೀವಿ ತಜ್ಞೆ ಕರಿಹೊಳೆಗೆ ಬಂದಳು. ಮೂವತ್ತೈದರ ಆಸುಪಾಸಿನ, ನಿದ್ದೆಗೆಟ್ಟ ಮುಖದ ಹೆಂಗಸು. ಸೂಕ್ಷ್ಮದರ್ಶಕದ ಪೆಟ್ಟಿಗೆಯ ಜೊತೆ ನೀರು ಮಂಡಳಿಯ ಆಜ್ಞೆಯನ್ನೂ ತಂದಿದ್ದಳು. ರೋಗ ಬಂದಿರಲಿ, ಬರದಿರಲಿ, ಈ ಭಾಗದ ಎಲ್ಲ ಯಂತ್ರಗಳ ಎಣ್ಣೆಯನ್ನೂ ತೆಗೆದು ಕುದಿಸಿ ಕೊಲ್ಲಬೇಕು. ಒಂದು ಹನಿಯನ್ನೂ ಯಾರೂ ಇಟ್ಟುಕೊಳ್ಳಬಾರದು. ದೂರದ ಉತ್ತರದ ಪಂಪ್‌ಹೌಸುಗಳಿಗೆ ರೋಗ ಮುಟ್ಟದಂತೆ ಕಾಯಲು ಬೇರೆ ದಾರಿಯಿಲ್ಲ.

ಅನಸೂಯಾಳ ಒಂದನೇ ಮತ್ತು ಎರಡನೇ ಪಂಪಿನ ಎಣ್ಣೆ ಅಷ್ಟರಲ್ಲೇ ತೆಳ್ಳಗಾಗಿತ್ತು. ಮೂರನೆಯದು ಮಾತ್ರ ಜೇನಿನಂತೆಯೇ ಇತ್ತು.

“ಇದು ಚಲೋ ಐತಿ ನೋಡ್ರಿ, ಮೇಡಂ. ಇದೊಂದರ ಬಿಡ್ರಿ.”

“ಒಂದು ಕಡೆ ಬಿಟ್ಟು ನೋಡೂಣು ಅಂತ ನಾನೂ ಮಂಡಳಿಗೆ ಕೇಳಿದ್ದೆ, ಅನಸೂಯಾ ಅವರ,” ಎಂದಳು ಇಂದುಮತಿ. “ಯಾರೂ ಧೈರ್ಯ ಮಾಡಲಿಲ್ಲ. ಅವರದೂ ತಪ್ಪಲ್ಲ. ಇವತ್ತು ಚಲೋ ಕಾಣೂದು ನಾಳೆ ಹೆಂಗ ಇರತದ ಅಂತ ನನಗೂ ಹೇಳಲಿಕ್ಕೆ ಬರೂದಿಲ್ಲ.”

ಮಧ್ಯಾಹ್ನ ಅಂಗಳದಲ್ಲಿ ದೊಡ್ಡ ಹಂಡೆ ಹೂಡಿದರು. ಮೂರನೇ ಪಂಪಿನ ತಳದ ನಲ್ಲಿ ತಿರುವಿದವಳು ಅನಸೂಯಾಳೇ. ಬಕೆಟ್ಟು ತುಂಬುವ ಹೊತ್ತಿಗೆ ಇಂದುಮತಿ ಫೋನು ಹಿಡಿದು ಹೊರಗೆ ಹೋದಳು. ಅನಸೂಯಾಳ ಊಟದ ಡಬ್ಬಿ ಕಿಟಕಿಯಲ್ಲಿತ್ತು. ಯೋಚನೆ ಮಾಡಿ ಮಾಡಿದ ಕೆಲಸವಲ್ಲ ಅದು. ಡಬ್ಬಿಯ ಮೇಲಿನ ಖಾನೆ ತೆಗೆದಳು, ತುಂಬಿದಳು, ಮುಚ್ಚಿದಳು. ಆಮೇಲೆ ಬಕೆಟ್ಟು ಹೊತ್ತು ಅಂಗಳಕ್ಕೆ ಹೋಗಿ ಉಳಿದದ್ದನ್ನೆಲ್ಲ ಕುದಿಯುವ ಹಂಡೆಗೆ ಸುರಿದಳು. ಸುಟ್ಟ ಬೆಲ್ಲದ ವಾಸನೆ ಗುಡ್ಡದ ತನಕ ಹಬ್ಬಿತು. ಎಮ್ಮೆಯೊಂದನ್ನು ಕಟುಕನಿಗೆ ಕೊಟ್ಟು ಬಂದವರಂತೆ ಪಂಪ್‌ಹೌಸಿನ ಮಂದಿ ಅಂದು ಒಬ್ಬರೊಡನೊಬ್ಬರು ಹೆಚ್ಚು ಮಾತಾಡಲಿಲ್ಲ.

ಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಯ ಹಿಂದೆ, ಗೋಡೆಗೆ ಒತ್ತಿ, ಆ ಖಾನೆಯನ್ನು ಇಟ್ಟಳು. ಚಮಚೆಯಷ್ಟು ಬೆಲ್ಲದ ನೀರು ಹಾಕಿದಳು. ಗಂಡನಿಗೆ ಹೇಳಲಿಲ್ಲ.

ಎರಡು ದಿನ ಅದು ಹೊಳೆಯುತ್ತಿತ್ತು. ಮೂರನೆಯ ದಿನ ಮುಚ್ಚಳ ತೆಗೆದು ನೋಡಿದರೆ ಅಕ್ಕಿ ತೊಳೆದ ನೀರು. ಬೆರಳಿಗೆ ಮುಟ್ಟಿದರೆ ಜಾರಿಕೆಯಿಲ್ಲ. ಅಂದರೆ ಮೂರನೇ ಪಂಪಿಗೂ ಆಗಲೇ ರೋಗ ಬಿದ್ದಿತ್ತು. ಹಂಡೆಗೆ ಹಾಕದಿದ್ದರೂ ಅದು ಉಳಿಯುತ್ತಿರಲಿಲ್ಲ. ಅನಸೂಯಾ ಒಲೆಯ ಮುಂದೆ ಕೂತಳು. ಇದನ್ನು ಎಲ್ಲಿ ಚೆಲ್ಲುವುದು? ಬಚ್ಚಲಿಗೆ ಸುರಿದರೆ ನಾಲೆಗೆ ಹೋಗುತ್ತದೆ, ನಾಲೆಯಿಂದ ನದಿಗೆ. ಹಿತ್ತಲಿಗೆ ಸುರಿದರೆ ಕಾಲಿಗೆ ಅಂಟಿ ಎಲ್ಲಿಗೋ. ಕುದಿಸೋಣವೆಂದರೆ ಆ ಸುಟ್ಟ ಬೆಲ್ಲದ ವಾಸನೆ ಇಡೀ ಕ್ವಾರ್ಟರ್ಸಿಗೆ ಗೊತ್ತಾಗುತ್ತದೆ. ಮುಚ್ಚಳ ಹಾಕಿ ಅದನ್ನು ಮತ್ತೆ ಹಿಟ್ಟಿನ ಡಬ್ಬಿಯ ಹಿಂದಕ್ಕೇ ತಳ್ಳಿದಳು. ನಾಳೆ ನೋಡೋಣ ಎಂದುಕೊಂಡಳು. ಆ ನಾಳೆ ಮುಂದಕ್ಕೆ ಹೋಗುತ್ತಲೇ ಇತ್ತು, ಏಕೆಂದರೆ ಕೆಲಸ ಅವಳನ್ನು ಮೈತುಂಬ ಹಿಡಿದಿತ್ತು.

ನೀರು ನಿಲ್ಲಿಸುವಂತಿರಲಿಲ್ಲ. ಇಂದುಮತಿ ಹಳೆಯ ಪುಸ್ತಕಗಳನ್ನು ಹುಡುಕಿ ಔಡಲೆಣ್ಣೆಯ, ಅಂದರೆ ಹರಳೆಣ್ಣೆಯ, ಹಾದಿ ಹೇಳಿದ್ದಳು. ಬಿಸಿ ಉಕ್ಕಿಗೆ ಅದು ಚೆನ್ನಾಗಿ ಅಂಟಿಕೊಳ್ಳುತ್ತದೆ, ಹಿಂದೆ ವಿಮಾನಗಳನ್ನೂ ಅದರಿಂದ ಓಡಿಸಿದ್ದರಂತೆ. ಕಷ್ಟವೂ ಇತ್ತು. ಕೆಲವು ದಿನಗಳಲ್ಲೇ ಗಾಳಿಗೂ ಬಿಸಿಗೂ ಅದು ಗೋಂದಿನಂತೆ ಗಟ್ಟಿಯಾಗುತ್ತದೆ. ಬೇರಿಂಗಿನ ತೂತುಗಳು ಕಟ್ಟಿಕೊಳ್ಳುತ್ತವೆ. ಹೀಗಾಗಿ ಒಂದು ಪಂಪು ಓಡುವಾಗ ಇನ್ನೊಂದನ್ನು ಬಿಚ್ಚಿ, ಸೋಡಾ ನೀರಿನಿಂದ ತೊಳೆದು, ಕೆರೆದು, ಒಣಗಿಸಿ ಇಡಬೇಕು. ಓಡುವ ಪಂಪಿನ ನೆತ್ತಿಯ ಮೇಲೆ ಬತ್ತಿಯ ಬಟ್ಟಲು ಕೂರಿಸಿ, ಬತ್ತಿಯ ಗುಂಟ ಹನಿ ಹನಿಯಾಗಿ ಎಣ್ಣೆ ಇಳಿಯುವಂತೆ ನೋಡಬೇಕು. ಬತ್ತಿ ದಪ್ಪವಾದರೆ ಎಣ್ಣೆ ಪೋಲು, ತೆಳುವಾದರೆ ಬೇರಿಂಗು ಹೊಗೆ. ಅನಸೂಯಾ ಮೊದಲು ನಂಬಲಿಲ್ಲ.

“ತಲಿಗೆ ಹಚ್ಚೂ ಎಣ್ಣಿ ಪಂಪಿಗೆ ಏನ್ ಹತ್ತತೈತಿ ಬಿಡ್ರಿ,” ಎಂದಿದ್ದಳು.

ಹತ್ತಿತು. ಮೊದಲ ದಿನ ಒಂದನೇ ಪಂಪು ಕೆಮ್ಮಿ, ನಡುಗಿ, ಆಮೇಲೆ ಒಂದೇ ಸಮನೆ ಗುಂಯ್ ಎನ್ನತೊಡಗಿದಾಗ ಇಂದುಮತಿ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿಕೊಂಡಳು. ಅನಸೂಯಾ ಅವಳಿಗೆ ಚಹಾ ತಂದು ಕೊಟ್ಟು, “ನೀವು ಹೇಳಿದ್ದ ಖರೆ ಆತು, ಮೇಡಂ. ಇನ್ನ ಒಂದೀಟ ಮಲಗ್ರಿ,” ಎಂದಳು.

ಪಟ್ಟಣಕ್ಕೆ ನೀರು ನಾಲ್ಕೈದು ದಿನಕ್ಕೊಮ್ಮೆ ಎಂದಾಯಿತು. ಟ್ಯಾಂಕಿನ ಕೆಳಗೆ ಜನ ಕೊಡ ಇಟ್ಟುಕೊಂಡು ಕಾಯುತ್ತಿದ್ದರು. ರಾಚಪ್ಪ ಯಾರ ಮೇಲೂ ದನಿಯೇರಿಸದವನು. ಬೈದವರಿಂದ ಬೈಸಿಕೊಂಡ. ವಾಲ್ವಿನ ಚಾವಿ ಕಸಿಯಲು ಬಂದ ಗಂಡಸರಿಗೆ, “ಚಾವಿ ತಗೋರಿ, ಆದರ ಟ್ಯಾಂಕಿನ್ಯಾಗ ನೀರಿಲ್ಲ, ಹತ್ತಿ ನೋಡ್ರಿ,” ಎಂದು ಏಣಿ ತೋರಿಸಿದ. ಇಬ್ಬರು ಹತ್ತಿ ನೋಡಿ ಇಳಿದು, ಖಾಲಿ ಕೊಡ ಎತ್ತಿಕೊಂಡು ಮನೆಗೆ ಹೋದರು. ಆಮೇಲೆ ಅವನು ಔಡಲೆಣ್ಣೆಯ ಸಂಗತಿಯನ್ನು ಓಣಿ ಓಣಿಯಲ್ಲಿ ಹೇಳಿದ. ಜನ ಸೀಸೆ, ಲೋಟ, ಮಡಿಕೆಗಳಲ್ಲಿ ಎಣ್ಣೆ ತಂದರು. ಬಾಣಂತಿಯ ಮನೆಯವರೊಬ್ಬರು ಕೂಸಿನ ಮೈಗೆ ಹಚ್ಚಲು ಇಟ್ಟುಕೊಂಡಿದ್ದರಲ್ಲಿ ಅರ್ಧ ಕೊಟ್ಟರು. ಸಂಜೆ ಅವನು ಅದನ್ನೆಲ್ಲ ಸೈಕಲ್ಲಿಗೆ ಕಟ್ಟಿಕೊಂಡು ಗುಡ್ಡ ಇಳಿಯುತ್ತಿದ್ದ. ಈಗ ಅವನು ಕಳಿಸುವವನು, ಅವಳು ಹಂಚುವವಳು ಎಂದು ಇಬ್ಬರೂ ನಕ್ಕರು. ಆದರೂ ಆ ಬೇಸಿಗೆಯಲ್ಲಿ ನಗು ಕಡಿಮೆಯೇ ಇತ್ತು. ಹೊಂಡದ ನೀರು ಕುಡಿದು ಕೆಳಗಿನ ಓಣಿಯಲ್ಲಿ ವಾಂತಿ ಭೇದಿ ಶುರುವಾಗಿತ್ತು. ಮುದುಕರಿಬ್ಬರು ತೀರಿಕೊಂಡಿದ್ದರು.

ಒಂದು ಭಾನುವಾರ ಬೆಳಿಗ್ಗೆ ರಾಚಪ್ಪ ಅಡುಗೆಮನೆಯಲ್ಲಿ ಇರುವೆಯ ಸಾಲು ಕಂಡ. ಸಾಲಿನ ಬೆನ್ನು ಹತ್ತಿ ಹೋಗಿ ಹಿಟ್ಟಿನ ಡಬ್ಬಿ ಸರಿಸಿದ. ಸ್ಟೀಲಿನ ಖಾನೆ ಸಿಕ್ಕಿತು. ಮುಚ್ಚಳ ತೆಗೆದ.

“ಅನಸಾ, ಇಲ್ಲೆ ಬಾ. ಏನಿದು?”

ಅವಳು ಬಂದು ನೋಡಿದಳು.  ಅವಳು ಮುಚ್ಚಿಟ್ಟಾಗ ಅದು ಅಕ್ಕಿ ತೊಳೆದ ನೀರಿನಂತಿತ್ತು. ಈಗ ಒಳಗಿದ್ದದ್ದು ಜೇನು. ಬೆರಳದ್ದಿ ತಿಕ್ಕಿ ನೋಡಿದಳು. ಜಾರಿತು.

ಎಲ್ಲವನ್ನೂ ಅವನಿಗೆ ಹೇಳಿದಳು. ಹೇಳುತ್ತ ಹೇಳುತ್ತ ಅವಳ ದನಿಯಲ್ಲಿ ಹಿಗ್ಗು ತುಂಬಿತು. “ಸತ್ತಿತ್ತು ರೀ ಇದು. ನಾನ ಕಣ್ಣಾರೆ ನೋಡೀನಿ. ತಾನ ಎದ್ದೈತಿ. ನಾಳಿ ಮುಂಜಾನೆ ಮೂರನೇ ಪಂಪಿಗೆ ಹಾಕತೀನಿ. ವಾರದಾಗ ತುಂಬತೈತಿ. ದಿನಾ ನೀರು ಬಿಡಬೋದು ನೀವು.”

ರಾಚಪ್ಪ ಖಾನೆಯನ್ನು ಕಟ್ಟೆಯ ಮೇಲಿಟ್ಟು, ಇರುವೆಗಳನ್ನು ಬೆರಳಿಂದ ಒರೆಸಿದ.

“ಡಾಕ್ಟರ್‌ಗ ತೋರ್ಸು.”

“ತೋರ್ಸಿದರ ಕುದಿಸಂತಾರ. ಆಜ್ಞಾ ಹಂಗ ಐತಿ. ಬಚ್ಚಿಟ್ಟಿದ್ದಕ್ಕ ನನ್ನ ಕೆಲಸಾನೂ ಹೋಗತೈತಿ.”

“ಹೋಗಲಿ.”

“ಕೆಳಗಿನ ಓಣ್ಯಾಗ ಮಂದಿ ಸಾಯಾಕ ಹತ್ಯಾರ. ನೀವ ದಿನಾ ಬಂದು ಹೇಳತೀರಿ. ಕೈಯಾಗ ಮದ್ದು ಇಟ್ಕೊಂಡು ಸುಮ್ಮ ಕೂಡ್ಲೇನು ನಾ?”

“ಮದ್ದೋ ವಿಷವೋ ನಿನಗ ಗೊತ್ತೈತೇನ?” ಅವನು ಅವಳ ಮುಖ ನೋಡದೆ ಹೇಳಿದ. “ಇದು ಚಲೋ ಕಾಣತೈತಿ, ಮಂದಿಗೆ ಉಪಯೋಗ ಆಗ್ಲಿ. ಬೂದಿಗಟ್ಟಿ ಸಿದ್ರಾಮಪ್ಪನೂ ಹಿಂಗ ಅನ್ಕೊಂಡಿರಬೇಕು, ಅನಸಾ.”

ಅವಳಿಗೆ ಸಿಟ್ಟು ಬಂತು. ಅವನ ಜೊತೆ ಆ ದಿನವೆಲ್ಲ ಮಾತಾಡಲಿಲ್ಲ. ಬಟ್ಟೆ ಒಗೆಯುವಾಗ, ಬೇಳೆ ಆರಿಸುವಾಗ, ತಾನು ಕಂಡೇ ಇರದ ಆ ಮುದುಕ ಅವಳ ಮನಸ್ಸಿನಲ್ಲಿ ಬಟ್ಟಲು ಹಿಡಿದು ನಿಂತೇ ಇದ್ದ. ಅವನ ಎಣ್ಣೆಯೂ ಆ ಬೆಳಿಗ್ಗೆ ಹೊಳೆಯುತ್ತಿದ್ದಿರಬಹುದು. ಅವನೂ ಬೆರಳದ್ದಿ ತಿಕ್ಕಿ ನೋಡಿದ್ದಿರಬಹುದು. ಹಾಗೊಂದು ಸಲ ಅನ್ನಿಸಿದ ಮೇಲೆ ಸಿಟ್ಟಿಗೆ ನಿಲ್ಲಲು ಜಾಗ ಸಿಗಲಿಲ್ಲ.

ಸೋಮವಾರ ಅವಳು ಖಾನೆಯನ್ನು ನೇರವಾಗಿ ಇಂದುಮತಿಯ ಮೇಜಿನ ಮೇಲೆ ಇಟ್ಟಳು. ಕಂಟ್ರೋಲ್ ರೂಮಿನ ಮೂಲೆಯೇ ಆಗ ಇಂದುಮತಿಯ ಪ್ರಯೋಗಾಲಯವಾಗಿತ್ತು. ಅನಸೂಯಾ ನಡೆದದ್ದನ್ನು ನಡೆದಂತೆ ಹೇಳಿದಳು. ಇಂದುಮತಿ ಬೈಯಲಿಲ್ಲ. ಕೈಗವಸು ತೊಟ್ಟು, ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟಳು. ಬಹಳ ಹೊತ್ತು ಹಾಗೇ ಇದ್ದಳು. ಕಿಟಕಿಯಾಚೆ ಒಂದನೇ ಪಂಪು ಔಡಲೆಣ್ಣೆಯ ಮೇಲೆ ಗುಂಯ್‌ಗುಡುತ್ತಿತ್ತು.

“ಬದುಕ್ಯಾವ,” ಎಂದಳು ಕೊನೆಗೆ. “ನೋಡ್ರಿ ಇಲ್ಲೆ.”

ಅನಸೂಯಾ ಬಗ್ಗಿ ನೋಡಿದಳು. ಸಣ್ಣ ಸಣ್ಣ ಕಡ್ಡಿಗಳು ಮೆಲ್ಲಗೆ ಹೊರಳಾಡುತ್ತಿದ್ದವು. ಇಷ್ಟು ವರ್ಷ ಉಣಿಸಿದ್ದರೂ ಅವುಗಳ ಮುಖವನ್ನು ಅವಳು ನೋಡಿದ್ದು ಅದೇ ಮೊದಲು.

ಇಂದುಮತಿ ತಿಳಿಸಿ ಹೇಳಿದಳು. ಊರಿಗೆ ಬೇನೆ ಬಂದಾಗ ಎಲ್ಲರೂ ಸಾಯುವುದಿಲ್ಲ. ಕೋಟಿಯಲ್ಲಿ ಒಂದೆರಡು ಸೂಕ್ಷ್ಮಜೀವಿಗಳ ಮೈಯಲ್ಲಿ ಹುಟ್ಟಿನಿಂದಲೇ ಏನೋ ವ್ಯತ್ಯಾಸವಿರುತ್ತದೆ, ವೈರಸ್ಸಿಗೆ ಅವುಗಳೊಳಗೆ ಹೋಗುವ ಬಾಗಿಲು ಸಿಗುವುದಿಲ್ಲ. ಉಳಿದವೆಲ್ಲ ಸತ್ತು ಎಣ್ಣೆ ನೀರಾದ ಮೇಲೆ ಆ ಒಂದೆರಡೇ ಬೆಲ್ಲ ತಿಂದು ಮತ್ತೆ ಊರು ಕಟ್ಟುತ್ತವೆ. ಆದರೆ ಅದಕ್ಕೆ ವಾರಗಳು ಬೇಕು. ಎಲ್ಲ ಕಡೆಯೂ ಎಣ್ಣೆಯನ್ನು ಆಗಿಂದಾಗಲೇ ಕುದಿಸಿದ್ದರಿಂದ ಆ ಸಮಯ ಯಾವ ಎಣ್ಣೆಗೂ ಸಿಕ್ಕಿರಲಿಲ್ಲ.

“ಹಂಗಾದರ ಪಂಪಿಗೆ ಹಾಕಬೋದಲ್ರಿ?”

“ಬ್ಯಾಡ. ಇವು ಸಾಯೂದಿಲ್ಲ, ಆದರ ಇದೇ ಎಣ್ಣ್ಯಾಗ ವೈರಸ್ಸೂ ಇನ್ನೂ ಅದ. ಇದನ್ನ ನೀವು ಪಂಪಿಗೆ ಹಾಕಿದ್ರ, ಅಲ್ಲಿಂದ ನೀರಿನ ಗುಂಟ, ಮಂದಿ ಕೈ ಗುಂಟ ಉತ್ತರದ ಕಡೆ ಹೋದ್ರ, ಅಲ್ಲಿ ಉಳಿದದ್ದೂ ಹೋಗ್ತದ. ನಾ ಇದನ್ನ ಧಾರವಾಡಕ್ಕ ಒಯ್ದು, ಒಂದೊಂದ ಜೀವಿ ಬ್ಯಾರೆ ಮಾಡಿ, ತೊಳದು, ವೈರಸ್ ಇಲ್ಲದಂಗ ಬೆಳಸಬೇಕು. ಮಳಿಗಾಲದ ತನಕ ಹಿಡೀತದ.” ಆಮೇಲೆ ಅವಳು ಕೈಗವಸು ಕಳಚಿದಳು. “ಎಲ್ಲಿಂದ ಬಂತು ಅಂತ ನಾ ಬರೀಬೇಕಾಗ್ತದ. ಸುಳ್ಳು ಬರೀಲಿಕ್ಕೆ ಆಗೂದಿಲ್ಲ, ಅನಸೂಯಾ ಅವರ. ನಾಳೆ ಇದು ಎಲ್ಲರ ಪಂಪಿಗೂ ಹೋಗೂದು.”

“ಬರೀರಿ,” ಎಂದಳು ಅನಸೂಯಾ.

ಇಂದುಮತಿ ಅದನ್ನು ಬಿಗಿಯಾಗಿ ಮುಚ್ಚಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಆ ದಿನವೇ ಹೊರಟಳು. ವಾರದೊಳಗೆ ಮಂಡಳಿಯಿಂದ ಎರಡು ಸುದ್ದಿ ಒಟ್ಟಿಗೇ ಬಂದವು. ಕರಿಹೊಳೆಯ ಎಣ್ಣೆ ಪರೀಕ್ಷೆಯಲ್ಲಿ ಗೆದ್ದಿದೆ. ಅದನ್ನು ಬಚ್ಚಿಟ್ಟಿದ್ದ ಆಯಿಲ್‌ಮನ್ ಅನಸೂಯಾಳನ್ನು ಮುಂದಿನ ಆಜ್ಞೆಯ ತನಕ ಕೆಲಸದಿಂದ ದೂರ ಇಡಲಾಗಿದೆ.

ಪಂಪ್‌ಹೌಸಿನವರಿಗೆ ಬೇಜಾರಾಯಿತು. ಪತ್ರ ಬರೆಯೋಣ ಎಂದು ಕೆಲವರು ಹೊರಟರು. ಅನಸೂಯಾಳೇ ಬೇಡವೆಂದಳು. ನೀಲಿ ಅಂಗಿ ಒಗೆದು ಮಡಿಸಿ ಇಟ್ಟಳು. ಬೇಸಿಗೆಯ ಉಳಿದ ದಿನಗಳನ್ನು ಅವಳು ಗುಡ್ಡದ ಮನೆಯಲ್ಲೇ ಕಳೆದಳು. ಔಡಲ ಬೀಜ ಹುರಿದು, ಕುಟ್ಟಿ, ಕುದಿಸಿ ಎಣ್ಣೆ ತೆಗೆಯುವ ಹೆಂಗಸರ ಜೊತೆ ಸೇರಿಕೊಂಡಳು. ಅವಳ ಬದಲಿಗೆ ಬಂದವನು ಬತ್ತಿ ಕೂರಿಸಲು ಒದ್ದಾಡುತ್ತಿದ್ದಾಗ ರಾಚಪ್ಪನ ಕೈಯಲ್ಲಿ ಹೇಳಿ ಕಳಿಸಿದಳು. ಗಾಳಿ ನದಿಯ ಕಡೆಯಿಂದ ಬೀಸಿದಾಗ ಪಂಪಿನ ಸದ್ದು ಮನೆಯ ತನಕ ಬರುತ್ತಿತ್ತು. ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕೇಳುತ್ತಿದ್ದಳು.

“ಇವತ್ತ ಸದ್ದು ಸ್ವಲ್ಪ ಗಡಸ ಐತಿ,” ಎನ್ನುತ್ತಿದ್ದಳು ಗಂಡನಿಗೆ.

“ನೀ ಪಂಪಿನ ಮಾತಾಡಾಕತ್ತೀಯೋ, ನನ್ನದೋ?” ಎಂದು ಅವನು ಕೇಳಿದಾಗ ಅವಳಿಗೆ ನಗು ಬಂತು.

ಮಳೆ ಬಂದು ನದಿ ಕೆಂಪಾದ ಮೇಲೆ ಇಂದುಮತಿಯ ಫೋನು ಬಂತು. ಹೊಸ ಎಣ್ಣೆ ಸಿದ್ಧವಾಗಿತ್ತು. ಎಲ್ಲ ಪಂಪ್‌ಹೌಸುಗಳಿಗೂ ಅದನ್ನು ಒಯ್ದು ಹಾಕಿ, ಹಿಡಿಯುವ ತನಕ ನೋಡಿಕೊಳ್ಳಲು ಕೈಪಳಗಿದ ಆಯಿಲ್‌ಮನ್‌ಗಳು ಬೇಕಿದ್ದರು. ಅನಸೂಯಾಳನ್ನು ಮತ್ತೆ ಕೆಲಸಕ್ಕೆ ಕರೆಯಲು ಮಂಡಳಿಯವರೂ ಒಪ್ಪಿದ್ದರು. “ಮೊದಲ ಊರು ಬೂದಿಗಟ್ಟಿ,” ಎಂದಳು ಇಂದುಮತಿ. “ರೋಗ ಎಲ್ಲಿ ಶುರು ಆತೋ ಅಲ್ಲೇ ಮೊದಲು ಗೆಲ್ಲತದೇನು ನೋಡಬೇಕಾಗೇದ. ನೀವು ಬರತೀರೇನು?”

ಅನಸೂಯಾ ಗಂಡನ ಕಡೆ ನೋಡಿದಳು. ಅವನು ಆಗಲೇ ಅವಳ ಚೀಲ ಹುಡುಕುತ್ತಿದ್ದ.

ಬೂದಿಗಟ್ಟಿಯ ಪಂಪ್‌ಹೌಸು ಕರಿಹೊಳೆಯದಕ್ಕಿಂತ ಹಳೆಯದು, ಕಲ್ಲಿನದು. ಸುಟ್ಟ ಬೇರಿಂಗು ಕಿತ್ತು ಹೊಸದು ಕೂರಿಸಿದ್ದರು. ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಬಿಳಿ ಗಡ್ಡದ, ಎತ್ತರದ ಮುದುಕನೊಬ್ಬ ಕೂತಿದ್ದ. ಬೇಸಿಗೆಯಿಂದ ಒಂದು ದಿನವೂ ತಪ್ಪದೆ ಬರುತ್ತಾನೆ, ಹೊಸ್ತಿಲು ಮಾತ್ರ ದಾಟುವುದಿಲ್ಲ ಎಂದು ಅಲ್ಲಿನವರು ಹೇಳಿದರು. ಅವನೇ ಸಿದ್ರಾಮಪ್ಪ.

ಅನಸೂಯಾ ಎಣ್ಣೆಯ ಕ್ಯಾನು ಹಿಡಿದುಕೊಂಡೇ ಹೋಗಿ ಅವನ ಪಕ್ಕ ಕೂತಳು. ಹೆಸರು ಹೇಳಿದಳು, ಊರು ಹೇಳಿದಳು.

“ಒಳಗ ಬರ್ರಿ, ಕಾಕಾ. ನಿಮ್ಮ ಪಂಪಿಗೆ ನೀವ ಹಾಕ್ರಿ.”

“ನನ್ನ ಕೈ ಬ್ಯಾಡ, ತಂಗಿ.” ಅವನ ದನಿ ಮೆದುವಾಗಿತ್ತು. “ಈ ಕೈಯಿಂದ ಹೋಗಿದ್ದ ನದಿ ತುಂಬಾ ಹೋತು. ಕೆಳಗಿನ ಊರಾಗ ಮಂದಿ ಸತ್ತರಂತ ಕೇಳೀನಿ.”

“ಅವತ್ತ ಏನಾತು?”

ಬಹುಶಃ ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ. ಅವನು ಮೊಣಕಾಲು ಸವರಿಕೊಂಡ.

“ಹೊಸಪೇಟ್ಯಾಳದ ಪದ್ಮಾವತಿ ಬಂದಿದ್ಲು. ಅಲ್ಲಿ ಆಯಿಲ್‌ಮನ್ ಆಕಿ. ಎಣ್ಣಿ ಒಣಗೇತಿ, ಹೆಪ್ಪ ಕೊಡ್ರಿ ಅಂದ್ಲು. ಕಿಂಡ್ಯಾಗ ನೋಡಿದೆ, ಬಂಗಾರ ಇದ್ದಂಗ ಇತ್ತು. ಹೆಪ್ಪಿಗೆ ಇಲ್ಲ ಅನಬಾರದು. ಕೊಟ್ಟೆ. ಆಕಿ ಹೋಗಿ ಸಂಜಿ ಆಗಿತ್ತಿಲ್ಲೋ, ನಂದು ನೀರಾತು. ಓಡಿ ಹೋಗಿ ಫೋನ್ ಮಾಡಿದೆ, ಹಾಕಬ್ಯಾಡ ಅಂತ. ಆಕಿ ಹಾಕಿಬಿಟ್ಟಿದ್ಲು.” ಅವನು ನದಿಯ ಕಡೆ ನೋಡಿದ. “ಆ ಹುಡುಗಿ ಈಗ ನನ್ನ ಮಕ ನೋಡೂದಿಲ್ಲ. ನಾನೂ ಆಕಿ ಮಕ ನೋಡೂದಿಲ್ಲ.”

“ನಾನೂ ನಿಮಗ ಬೈದಿದ್ದೆ, ಕಾಕಾ. ಕೈಗೆ ಹುಳಾ ಬೀಳ್ಲಿ ಅಂದಿದ್ದೆ.”

“ಎಲ್ಲಾರೂ ಅಂದಾರ.”

“ಇದು ಎಲ್ಲಿಂದ ಬಂದೈತಿ ಗೊತ್ತೇನು?” ಅವಳು ಕ್ಯಾನನ್ನು ಮುಟ್ಟಿ ತೋರಿಸಿದಳು. “ಇದರ ತಾಯಿ ನನ್ನ ಮನ್ಯಾಗ ಇತ್ತು. ಆಜ್ಞಾ ಮೀರಿ ಬಚ್ಚಿಟ್ಟಿದ್ದೆ. ಅದೂ ರೋಗದ್ದ. ಯಾರರೇ ಬಂದು ಕೇಳಿದ್ದರ ಅವತ್ತ ನಾನೂ ಕೊಡತಿದ್ದೆ, ನಿಮ್ಮಂಗ. ನನ್ನ ಪುಣ್ಯಾ, ಯಾರೂ ಕೇಳಲಿಲ್ಲ. ನಿಮ್ಮನ್ನ ಕೇಳಿದ್ರು. ನಮ್ಮಿಬ್ಬರಿಗೂ ಅಷ್ಟ ಫರಕ.”

ಸಿದ್ರಾಮಪ್ಪ ಅವಳನ್ನು ನೋಡಿದ.  ಪಂಚೆಯ ಚುಂಗಿನಿಂದ ಮುಖ ಒರೆಸಿಕೊಂಡ. ಆಮೇಲೆ ಕಟ್ಟೆ ಇಳಿದು, ಚಪ್ಪಲಿ ಹಾಕಿಕೊಳ್ಳದೆಯೇ ಪಂಪ್‌ಹೌಸಿನ ಬಾಗಿಲ ಕಡೆ ನಡೆದ. ಇಂದುಮತಿ ಬಾಗಿಲಲ್ಲಿ ಜಾಗ ಬಿಟ್ಟು ನಿಂತಳು.

ಅವನೇ ಹೊಯ್ದ. ಒಂದಿಷ್ಟು ಕವಚದ ಮೇಲೆ ಚೆಲ್ಲಿತು. ಅದನ್ನು ಒರೆಸಿದ. ಅನಸೂಯಾ ಬೆಲ್ಲದ ನೀರು ಕೊಟ್ಟಳು. ಎಣ್ಣೆ ಹಿಡಿಯುವ ತನಕ ಅವರಿಬ್ಬರೂ ಆ ವಾರವೆಲ್ಲ ಸರದಿಯಂತೆ ಕಿಂಡಿ ನೋಡಿದರು, ಇಂದುಮತಿ ದಿನವೂ ಹನಿ ತೆಗೆದು ಪರೀಕ್ಷಿಸಿದಳು. ಎಣ್ಣೆ ಬೆಳೆಯಿತು. ನೀರಾಗಲಿಲ್ಲ. ಪಂಪು ಶುರು ಮಾಡಿದ ದಿನ ಬೂದಿಗಟ್ಟಿಯ ಜನ ಅಂಗಳದಲ್ಲಿ ಬಂದು ನಿಂತು ಸದ್ದು ಕೇಳಿದರು. ಅವರಲ್ಲಿ ಕೆಲವರು ಸಿದ್ರಾಮಪ್ಪನನ್ನು ಮಾತಾಡಿಸಿದರು, ಕೆಲವರು ಮಾತಾಡಿಸಲಿಲ್ಲ.

ಮುಂದಿನ ಊರು ಹೊಸಪೇಟ್ಯಾಳ. ಬೂದಿಗಟ್ಟಿಯ ಪಂಪಿನಿಂದಲೇ ತೆಗೆದ ಹೆಪ್ಪನ್ನು ಕ್ಯಾನಿಗೆ ತುಂಬಿದರು. ಜೀಪು ಹತ್ತುವಾಗ ಅನಸೂಯಾ ಅದನ್ನು ಸಿದ್ರಾಮಪ್ಪನ ತೊಡೆಯ ಮೇಲಿಟ್ಟಳು. ಅವನು ಬೇಡವೆನ್ನಲಿಲ್ಲ, ಎರಡೂ ಕೈ ಸುತ್ತಿ ಹಿಡಿದುಕೊಂಡ. ಹಾದಿಯುದ್ದಕ್ಕೂ ಹಿಡಿತ ಸಡಿಲಿಸಲಿಲ್ಲ.

ಹೊಸಪೇಟ್ಯಾಳದ ಗೇಟಿನಲ್ಲಿ ನೀಲಿ ಅಂಗಿಯ ಹೆಂಗಸೊಬ್ಬಳು ಕಾಯುತ್ತಿದ್ದಳು. ಜೀಪಿನ ಸದ್ದಿಗೆ ಮುಂದೆ ಬಂದವಳು, ಇಳಿಯುತ್ತಿದ್ದವನನ್ನು ಕಂಡು ಅಲ್ಲೇ ನಿಂತಳು. ಪದ್ಮಾವತಿ ಅವಳೇ ಇರಬೇಕೆಂದು ಅನಸೂಯಾಳಿಗೆ ತಿಳಿಯಿತು. ಅನಸೂಯಾ ಜೀಪಿನಲ್ಲೇ ಕೂತಳು, ಇಂದುಮತಿಯೂ ಇಳಿಯಲಿಲ್ಲ.

ಸಿದ್ರಾಮಪ್ಪ ಮಣ್ಣಿನ ಹಾದಿಯಲ್ಲಿ ನಿಧಾನ ನಡೆದು ಪದ್ಮಾವತಿಯ ಮುಂದೆ ನಿಂತ. ಕ್ಯಾನನ್ನು ಮುಂದೆ ಚಾಚಿದ. ಪದ್ಮಾವತಿ ಕ್ಯಾನನ್ನು ನೋಡಿದಳು, ಅವನ ಮುಖವನ್ನು ನೋಡಿದಳು, ಆಮೇಲೆ ಸೆರಗಿಗೆ ಒರೆಸಿಕೊಳ್ಳುವಂತೆ ಅಂಗಿಯ ಅಂಚಿಗೆ ಕೈ ಒರೆಸಿಕೊಂಡು ಎರಡೂ ಕೈ ಮುಂದೆ ಮಾಡಿದಳು.

“ತಗೋ, ಮಗಳ,” ಎಂದ ಸಿದ್ರಾಮಪ್ಪ. “ಈ ಸಲ ಮೊದಲ ಡಾಕ್ಟರ್‌ಗ ತೋರ್ಸು. ಆಮ್ಯಾಲ ಹಾಕು.”